ಕೈಬಿಟ್ಟ ಕರಡುಗಳನ್ನೂ ತೋರಿಸು

ಚಿರಂಜೀವಿ ಮಗಳಿಗೆ ನಿನ್ನ ಚಿಕ್ಕಪ್ಪನ ಆಶೀರ್ವಾದಗಳು.

ಡಿಸೈನರ್ ಹುದ್ದೆಗಾಗಿ ಬೆಂಗಳೂರಿನಲ್ಲಿ ನಡೆದ ಸಂದರ್ಶನದ ಬಗ್ಗೆ ನೀನು ಬರೆದದ್ದನ್ನು ಓದಿದೆ. ನಿನ್ನ ವಿನ್ಯಾಸಗಳ ಸಂಗ್ರಹವಾದ ಪೋರ್ಟ್‌ಫೋಲಿಯೊದ ಕೆಲಸಗಳನ್ನೆಲ್ಲ ತೋರಿಸಿ ಮುಗಿಸುವ ಅವಸರದಲ್ಲಿ ಒಂದರ ಬಗೆಗೂ ನೆಟ್ಟಗೆ ಮಾತನಾಡಲು ಆಗಲಿಲ್ಲವೆಂದು ಬೇಸರಪಟ್ಟಿದ್ದೀಯೆ. ಇಂಥ ಸಂದರ್ಶನಗಳಲ್ಲಿ ಪ್ರಶ್ನೆ ಕೇಳುವವರ ಸಾಲಿನಲ್ಲಿ ಕುಳಿತವನಾಗಿ ಹೇಳುತ್ತೇನೆ: ಅಂದವಾದ ಆ್ಯಪ್ ಪರದೆಗಳನ್ನು ಎಲ್ಲರೂ ತರುತ್ತಾರೆ, ಯಾವುದನ್ನು ಏಕೆ ಕೈಬಿಟ್ಟೆ ಎಂದು ವಿವರಿಸುವವರಿಗಾಗಿ ನಾವು ಕಾಯುತ್ತಿರುತ್ತೇವೆ.

ಆದ್ದರಿಂದ ಎರಡೇ ಕೆಲಸಗಳನ್ನು ಆರಿಸಿಕೊ. ಬಸ್ ಟಿಕೆಟ್ ಆ್ಯಪ್‌ನ ಕನ್ನಡ ಪರದೆಗಳನ್ನು ನೀನು ಕೊನೆಗೆ ತಳ್ಳಿರುವುದು ನನಗೆ ಸರಿಕಾಣಲಿಲ್ಲ. ಇಂಗ್ಲಿಷ್ ಅಕ್ಷರಗಳ ಎತ್ತರಕ್ಕೆ ಅಳೆದ ಬಟನ್ನಿನಲ್ಲಿ ‘ರಾಷ್ಟ್ರೀಯ’ ಎಂದು ಬರೆದರೆ ಒತ್ತಕ್ಷರಗಳು ಅಂಚಿಗೆ ತಾಗಿ ತುಂಡಾಗುವುದುಂಟು. ಸಾಲುಗಳ ನಡುವೆ ಅಂತರ ಸಾಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿನ ಮೇಲೆ ಕೂರುತ್ತದೆ. ‘ನೆಕ್ಸ್ಟ್’ಗೆಂದು ಬಿಟ್ಟ ಜಾಗದಲ್ಲಿ ‘ಮುಂದುವರಿಯಿರಿ’ ಹಿಡಿಸುವುದಿಲ್ಲ. ಇವನ್ನೆಲ್ಲ ನೀನು ಹೇಗೆ ಬಗೆಹರಿಸಿದೆ, ಅಕ್ಷರವನ್ನು ಚಿಕ್ಕದಾಗಿಸುವ ಸುಲಭದ ದಾರಿಯನ್ನು ಏಕೆ ಬಿಟ್ಟೆ, ಬಸ್‌ಸ್ಟ್ಯಾಂಡಿನ ಬಿಸಿಲಿನಲ್ಲಿ ಪ್ರಯಾಣಿಕರ ಕೈಗೆ ಫೋನ್ ಕೊಟ್ಟು ನೋಡಿದ ಮೇಲೆ ಏನನ್ನು ಬದಲಾಯಿಸಿದೆ ಎಂಬುದನ್ನು ಫಿಗ್ಮಾ ಎಂಬ ವಿನ್ಯಾಸ ತಂತ್ರಾಂಶದಲ್ಲಿರುವ ಹಳೆಯ ಕರಡುಗಳನ್ನೇ ತೆರೆದು ಹೇಳು. ತಂಡದ ಕೆಲಸವಾದರೆ ನಿನ್ನ ಪಾಲು ಎಷ್ಟೆಂಬುದನ್ನು ಅವರು ಕೇಳುವ ಮೊದಲೇ ತಿಳಿಸು. ಈಗಿನ ಕಂಪನಿಯಲ್ಲಿ ಇನ್ನೂ ಬಿಡುಗಡೆಯಾಗದ ಕೆಲಸವನ್ನು ಮಾತ್ರ ತೋರಿಸಬೇಡ. ಅದನ್ನು ಕಂಡವರಿಗೆ, ನಾಳೆ ನಮ್ಮದನ್ನೂ ಹೀಗೆಯೇ ತೋರಿಸುವಳೆಂಬ ಅನುಮಾನ ಬರುತ್ತದೆ.

ವೈಟ್‌ಬೋರ್ಡಿನ ಮುಂದೆ ನಿಲ್ಲಿಸಿ ಸಮಸ್ಯೆಯೊಂದನ್ನು ಕೊಟ್ಟಾಗ, ಬಳಸುವವರು ಯಾರು, ಎಲ್ಲಿ, ಎಂಥ ಫೋನಿನಲ್ಲಿ ಎಂದು ಕೇಳಿಯೇ ಮಾರ್ಕರ್ ಎತ್ತಿಕೊ.

ಮನೆಗೆ ಕೊಟ್ಟು ಕಳುಹಿಸುವ ಅಸೈನ್‌ಮೆಂಟಿನ ವಿಷಯದಲ್ಲಿ ನಿನ್ನ ಅಪ್ಪನಿಗೂ ನನಗೂ ಒಮ್ಮತವಿಲ್ಲ. ಕೇಳಿದಷ್ಟನ್ನೂ ಮಾಡಿಕೊಡಬೇಕೆಂಬುದು ಅವನ ವಾದ. ಕಾಲ್ಪನಿಕ ಸಮಸ್ಯೆಯಾಗಿದ್ದು ಒಂದು ಸಂಜೆಯಲ್ಲಿ ಮುಗಿಯುವಂತಿದ್ದರೆ ಸಂತೋಷದಿಂದ ಮಾಡು. ಅವರು ಮಾರುತ್ತಿರುವ ಉತ್ಪನ್ನವನ್ನೇ ವಾರಗಟ್ಟಲೆ ತಿದ್ದಿಕೊಡಬೇಕೆಂದಾದರೆ, ಅದಕ್ಕೆ ಸಂಭಾವನೆ ಉಂಟೇ, ಆಯ್ಕೆಯಾಗದಿದ್ದರೆ ಆ ಕೆಲಸ ಯಾರ ಸ್ವತ್ತಾಗುತ್ತದೆ ಎಂದು ವಿನಯದಿಂದ ಇಮೇಲ್‌ನಲ್ಲಿಯೇ ಕೇಳು. ಉತ್ತರ ಬಾರದಿದ್ದರೆ ಅಲ್ಲಿಗೆ ನಿಲ್ಲಿಸು.

ತಿದ್ದಿದ ಪೋರ್ಟ್‌ಫೋಲಿಯೊವನ್ನು ಮುಂದಿನ ಸಂದರ್ಶನಕ್ಕೆ ಮೊದಲು ನನಗೆ ಕಳುಹಿಸು. ಚಿಕ್ಕಮ್ಮನ ಮೊಬೈಲಿನಲ್ಲಿಯೂ ತೆರೆದು ನೋಡುತ್ತೇನೆ, ಅದರ ಪರದೆ ಚಿಕ್ಕದು.

ಇಂತಿ ನಿನ್ನ ಹಿತೈಷಿ,
ಚಿಕ್ಕಪ್ಪ