ಜಿಂಕ್ ಮಾತ್ರೆ ತಗೊಳ್ಳೋ ಮುಂಚೆ ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ಹಾರ್ಟ್ ಫೇಲ್ಯೂರ್ (ಹೃದಯ ರಕ್ತವನ್ನು ಸರಿಯಾಗಿ ಪಂಪ್ ಮಾಡಲಾಗದ ಕಾಯಿಲೆ) ಇದ್ದವರಿಗೆ ಜಿಂಕ್ ಮಾತ್ರೆ ಸಾಕು ಅನ್ನೋ ಫಾರ್ವರ್ಡ್ ನೋಡಿ ಕೊಪ್ಪಳದ ನಮ್ಮ ಕಾಕಾ ಚಪ್ಪಲಿ ಮೆಟ್ಟಿಕೊಂಡು ಮೆಡಿಕಲ್ ಶಾಪಿಗೆ ಹೊರಟೇಬಿಟ್ಟಿದ್ದರು! ಹಾರ್ಟ್ ಫೇಲ್ಯೂರ್ ಇರುವವರ ರಕ್ತದಲ್ಲಿ ಜಿಂಕ್ ಕಡಿಮೆ ಇರೋದು ಹಲವು ಅಧ್ಯಯನಗಳಲ್ಲಿ ಕಂಡಿದೆ, ಅದು ನಿಜ. ಕಾಲಿನ ಬಾವು ಇಳಿಯಲಿ ಅಂತ ಕೊಡುವ ನೀರಿನ ಮಾತ್ರೆಯಿಂದ ಮೂತ್ರದ ಜೊತೆ ಜಿಂಕ್ ಕೂಡ ಹೋಗುತ್ತದೆ, ಊಟ ಸೇರದಿದ್ದರೆ ಇನ್ನೂ ಇಳಿಯುತ್ತದೆ. ಹಾಗಂತ ನೀರಿನ ಮಾತ್ರೆ ನೀವೇ ನಿಲ್ಲಿಸಬೇಡಿ. ಜಿಂಕ್ ನುಂಗಿದರೆ ಹೃದಯ ಸರಿಹೋಗುತ್ತದೆ ಅಂತ ಸಾಬೀತಾಗಿಲ್ಲ. ದಿನಕ್ಕೆ 40 ಮಿಲಿಗ್ರಾಂ ದಾಟಿ ತಿಂಗಳುಗಟ್ಟಲೆ ತಗೊಂಡರೆ ದೇಹದಲ್ಲಿ ತಾಮ್ರ ಇಳಿದು ರಕ್ತಹೀನತೆ ಬರಬಹುದು. ಸುಮ್ನೆ ಡಾಕ್ಟರನ್ನು ಒಂದು ಮಾತು ಕೇಳಿ. ರೊಟ್ಟಿ ಜೊತೆ ಮೊಳಕೆ ಕಾಳು, ಎಳ್ಳು, ಶೇಂಗಾ ಇದ್ದೇ ಇವೆ, ಅವುಗಳಲ್ಲೂ ಜಿಂಕ್ ಇದೆ. ಚಟ್ನಿಪುಡಿಗೆ ಉಪ್ಪು ಮಾತ್ರ ಕೈ ಬಿಗಿಹಿಡಿದು ಹಾಕಿ.