ಫಲಕ ದೊಡ್ಡದಾದರೆ ಸಾಲದು, ಕಣ್ಣಿಗೆ ಬೀಳಬೇಕು

ಮಾನ್ಯ ಸಂಪಾದಕರೇ,

ಹೆದ್ದಾರಿ 66ರಲ್ಲಿ ಅಪಘಾತವಾದಾಗಲೆಲ್ಲ ‘ಇನ್ನೂ ದೊಡ್ಡ ಎಚ್ಚರಿಕೆ ಫಲಕ ಹಾಕಿ’ ಎಂಬ ಕೂಗು ಏಳುತ್ತದೆ. ಗಾತ್ರಕ್ಕಿಂತ ಸುತ್ತಮುತ್ತ ಏನಿದೆ ಎಂಬುದೇ ಮುಖ್ಯ.

ಗಂಟೆಗೆ 60 ಕಿ.ಮೀ. ವೇಗದ ವಾಹನ 50 ಮೀಟರನ್ನು ಮೂರೇ ಸೆಕೆಂಡಿನಲ್ಲಿ ದಾಟುತ್ತದೆ. ಅಷ್ಟರಲ್ಲಿ ಚಾಲಕರ ಕಣ್ಣು ನೆಲೆಯೂರುವುದು ಹತ್ತು ಕಡೆ ಇರಬಹುದು. ಪ್ರತಿ ಸಲವೂ ನಿಚ್ಚಳವಾಗಿ ಕಾಣುವುದು ಚಾಚಿದ ಕೈಯ ಹೆಬ್ಬೆರಳಿನಗಲದಷ್ಟು ಜಾಗ ಮಾತ್ರ. ಆ ಹತ್ತರಲ್ಲಿ ಒಂದಾದರೂ ಫಲಕಕ್ಕೆ ಸಿಗಬೇಕು.

ಸಿಗುತ್ತದೆಯೇ ಎಂದು ಅಂದಾಜಿಸುವ ಗಣಕ ಮಾದರಿಯನ್ನು ಇಟ್ಟಿ, ಕಾಕ್ ಮತ್ತು ನೀಬರ್ ಎಂಬ ವಿಜ್ಞಾನಿಗಳು 1998ರಲ್ಲೇ ಕೊಟ್ಟರು. ಅದು ಚಿತ್ರವನ್ನು ಬೆಳಕು, ಬಣ್ಣ, ಗೆರೆಗಳ ದಿಕ್ಕು ಎಂದು ಬಿಡಿಸಿ, ಪ್ರತಿ ಬಿಂದು ತನ್ನ ಸುತ್ತಲಿಗಿಂತ ಎಷ್ಟು ಭಿನ್ನ ಎಂದು ಅಳೆದು 42 ನಕ್ಷೆ ಮಾಡುತ್ತದೆ. ಒಂದು ನಕ್ಷೆಯಲ್ಲಿ ಒಂದೇ ಶಿಖರ, ಅಂದರೆ ತೀರ ಭಿನ್ನವಾದ ಒಂದೇ ಜಾಗ, ಇದ್ದರೆ ಅದಕ್ಕೆ ಬಲ ಕೊಡುತ್ತದೆ; ಸಮಾನ ಶಿಖರಗಳು ಹಲವಿದ್ದರೆ ಆ ನಕ್ಷೆಯನ್ನೇ ಅದುಮುತ್ತದೆ. ನಮ್ಮ ಜಂಕ್ಷನ್‌ಗಳಲ್ಲಿ ಆಗುವುದೂ ಇದೇ. ಆರು ಕೆಂಪು ಫ್ಲೆಕ್ಸ್‌ಗಳ ನಡುವೆ ಕೆಂಪಂಚಿನ ತ್ರಿಕೋನ ನೆಟ್ಟರೆ ಬಣ್ಣದಿಂದ ಅದಕ್ಕೆ ಸಿಗಬೇಕಾದ ಲಾಭವೇ ಹೋಯಿತು. ಕಡಿದ ಕೆಂಪು ಮುರಕಲ್ಲಿನ ಗೋಡೆ, ಹಂಚಿನ ಮಾಡು ಹಿಂದಿದ್ದರೂ ಹಾಗೆಯೇ. ಅದೇ ತ್ರಿಕೋನ ಮಳೆಗಾಲದ ಹಸಿರಿನ ಎದುರು ಎದ್ದು ಕಾಣುತ್ತದೆ.

ಫಲಕ ಎದ್ದು ಕಾಣುತ್ತದೆಯೇ ಎಂಬ ಪರೀಕ್ಷೆಗೆ ದೊಡ್ಡ ಖರ್ಚಿಲ್ಲ. ಕಾರು ಚಾಲಕರ ಕಣ್ಣಿನ ಎತ್ತರ, ಅಂದರೆ ಸುಮಾರು 1.2 ಮೀಟರ್‌ನಿಂದ, 100 ಮತ್ತು 50 ಮೀಟರ್ ದೂರದಲ್ಲಿ ಫೋಟೊ ತೆಗೆದು ಮಾದರಿಗೆ ಕೊಡಬೇಕು: ಹಗಲು, ಜಡಿಮಳೆ, ರಾತ್ರಿ. ರಾತ್ರಿ ಮೊಬೈಲಿನ ಎಕ್ಸ್‌ಪೋಶರ್ (ಒಳಬಿಡುವ ಬೆಳಕಿನ ಪ್ರಮಾಣ) ಲಾಕ್ ಮಾಡದಿದ್ದರೆ ಪ್ರತಿಫಲಕ ಹಾಳೆ ಬರೀ ಬಿಳಿ ಚುಕ್ಕೆಯಾಗುತ್ತದೆ. ಫಲಕವನ್ನು ಚೌಕಟ್ಟಿನ ನಡುವೆ ಇಡಲೇಬಾರದು. ಜನ ಚಿತ್ರದ ನಡುಭಾಗವನ್ನೇ ಹೆಚ್ಚು ನೋಡುವುದರಿಂದ, ಆ ನೋಟಗಳಿಂದ ಕಲಿತ ಹೊಸ ಮಾದರಿಗಳು ನಡುವಿಗೆ ಸುಮ್ಮನೆ ಅಂಕ ಕೊಡುತ್ತವೆ. ಚಿತ್ರ ವಿಶ್ಲೇಷಣೆಯ ತಂತ್ರಾಂಶ ಓಪನ್‌ಸಿವಿಯಲ್ಲಿ ಸೇಲಿಯೆನ್ಸಿ (ಎದ್ದು ಕಾಣುವಿಕೆ) ಲೆಕ್ಕದ ಉಚಿತ ಭಾಗವೇ ಇದೆ, ಮೊದಲ ಜಾಲಾಟಕ್ಕೆ ಸಾಕು.

ಆದರೆ ಹಳೆಯ ಮಾದರಿಗೆ ಮುಖವೂ ಅಕ್ಷರವೂ ಗೊತ್ತಿಲ್ಲ. ಮನುಷ್ಯರ ಕಣ್ಣು ಮೊದಲು ಹಾರುವುದೇ ಅವುಗಳತ್ತ. ನಗುಮುಖದ ಶುಭಾಶಯ ಫ್ಲೆಕ್ಸ್ ಎಷ್ಟು ಗಮನ ಕಸಿಯುತ್ತದೆ ಎಂದು ತಿಳಿಯಲು ಜನರ ನೋಟಗಳಿಂದ ಕಲಿತ ಡೀಪ್‌ಗೇಜ್‌ನಂಥ ಮಾದರಿ ಬೇಕು. ಅದೂ ಚಾಲಕರ ಉದ್ದೇಶವನ್ನು ಅರಿಯದು. ಬಸ್‌ಸ್ಟಾಪ್ ಹುಡುಕುವವರ ನೋಟವೇ ಬೇರೆ.

ಆದ್ದರಿಂದ ಮಂಗಳೂರಿನ ನಂತೂರು, ಉಡುಪಿಯ ಕಲ್ಸಂಕದಂಥ ಜಂಕ್ಷನ್‌ಗಳಲ್ಲಿ ಹೊಸ ಫಲಕ ನೆಡುವ ಮೊದಲು, ಸಂಬಂಧಪಟ್ಟವರು ಈಗಿರುವ ಫಲಕದ ಆಚೀಚೆ ಚಾಲಕರಿಗೆ ಕಾಣುವ ಫ್ಲೆಕ್ಸ್‌ಗಳನ್ನು ತೆಗೆಸಿ, ಮುಂಚಿನ ಮತ್ತು ನಂತರದ ನಕ್ಷೆ ಹೋಲಿಸಿ ನೋಡಲಿ. ಮಾರ್ಚ್‌ನಲ್ಲಿ ಮತ್ತೊಮ್ಮೆ ಫೋಟೊ ತೆಗೆಯಲಿ. ಜುಲೈಯ ಹಸಿರು ಆಗ ಹಿಂದೆ ಇರುವುದಿಲ್ಲ.

– ಓದುಗರು, ಕದ್ರಿ, ಮಂಗಳೂರು