ನೀರಿನ ಗೆರೆ ನೋಡಿದವರಿಗೆಲ್ಲ

ಮುಂಗುಸಿ ಚುರುಕಿ ಮತ್ತು ಗೂಬೆ ಗುಮ್ಮಜ್ಜ ಇಟಲಿಯ ಕಾಲುವೆಗಳ ಊರು ವೆನಿಸ್ಸಿಗೆ ಹೋಗಿ ಕಳ್ಳತನದ ಜಾಡು ಹಿಡಿಯುವ ನಮ್ಮ ಮಕ್ಕಳ ಪುಸ್ತಕದ ಮೊದಲ ಮುದ್ರಣ ಮುಗಿದಿದೆ. ಎರಡನೆಯದು ಅಚ್ಚಿಗೆ ಹೋಗಿದೆ. ಪುಸ್ತಕ ಇರುವುದೇ 32 ಪುಟ, ಅದರಲ್ಲಿ ಒಂದೊಂದು ಅಂಗುಲವೂ ಚಿತ್ರಕ್ಕೆ ಬೇಕು. ಹಾಗಾಗಿ ಕೃತಜ್ಞತೆಗೆ ಸಿಕ್ಕಿದ್ದು ಹಿಂಬದಿಯ ನಾಲ್ಕೇ ಸಾಲು. ಆ ನಾಲ್ಕು ಸಾಲಿನಲ್ಲಿ ಹಿಡಿಸದೆ ಉಳಿದದ್ದನ್ನು ಇಲ್ಲಿ ಹೇಳಬೇಕು.

ಮೊದಲು ಚಿತ್ರ ಬರೆದ ಅಕ್ಕನಿಗೆ. ಹೆಸರು ಹಾಕಬೇಡ ಎಂದು ಅವರೇ ಹೇಳಿದ್ದರಿಂದ ಇಲ್ಲಿ ಅಕ್ಕ ಎಂದೇ ಕರೆಯುತ್ತೇನೆ. ಪುಸ್ತಕದ ಮುಖಪುಟದಲ್ಲಿ ನನ್ನ ಹೆಸರು ಮೇಲೆ, ಅವರ ಹೆಸರು ಕೆಳಗೆ ಇದೆ. ಇದು ಪತ್ತೇದಾರಿ ಕಥೆಯ ಮಟ್ಟಿಗೆ ನ್ಯಾಯವಲ್ಲ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ಮಕ್ಕಳ ಪತ್ತೇದಾರಿ ಕಥೆಯಲ್ಲಿ ಬರೆಯುವವರ ಕೆಲಸ ಬಚ್ಚಿಡುವುದು. ಸುಳಿವನ್ನು ಕಣ್ಣೆದುರೇ ಇಡುವುದು ಚಿತ್ರ. ಮಾತು ಸುಮ್ಮನಿರುವ ಕಡೆ ಚಿತ್ರ ಮಾತಾಡದಿದ್ದರೆ ಕೊನೆಯ ಪುಟದಲ್ಲಿ ಕಳ್ಳ ಸಿಕ್ಕಾಗ ಮಗುವಿಗೆ ಮೋಸ ಹೋದಂತಾಗುತ್ತದೆ.

ಪುಸ್ತಕ ಓದದವರಿಗಾಗಿ ಕಥೆಯನ್ನು ಸ್ವಲ್ಪ ಹೇಳಿಬಿಡುತ್ತೇನೆ. ವೆನಿಸ್ಸಿನ ಗೊಂಡೊಲಾ ದೋಣಿ ನಡೆಸುವ ಅಂಬಿಗರು ಹುಟ್ಟನ್ನು ಆನಿಸುವ ಮರದ ಕವೆಗೆ ಫೋರ್ಕೊಲಾ ಎನ್ನುತ್ತಾರೆ. ಅಕ್ರೋಟ ಮರದ ಒಂದೇ ತುಂಡಿನಲ್ಲಿ ಕೆತ್ತಿದ, ತಿರುವುತಿರುವಾದ ಚೆಂದದ ವಸ್ತು ಅದು. ದೋಣಿಯಿಂದ ಕಳಚಿ ತೆಗೆಯಲೂ ಬರುತ್ತದೆ. ಅದಿಲ್ಲದೆ ಹುಟ್ಟು ಹಾಕುವ ಹಾಗಿಲ್ಲ. ನಮ್ಮ ಕಥೆಯಲ್ಲಿ ರಾತ್ರಿಗೊಂದರಂತೆ ಫೋರ್ಕೊಲಾಗಳು ಕಾಣೆಯಾಗುತ್ತವೆ. ವಾಸನೆ ಹಿಡಿದು ಹೊರಟ ಚುರುಕಿಗೆ ಅಲ್ಲಿ ದಾರಿಯೇ ಸಿಗುವುದಿಲ್ಲ, ಏಕೆಂದರೆ ಉಬ್ಬರದ ಉಪ್ಪುನೀರು ಮೆಟ್ಟಿಲುಗಳನ್ನು ತೊಳೆದುಕೊಂಡು ಹೋಗಿರುತ್ತದೆ. ಜಾಡನ್ನು ಅಳಿಸುವ ನೀರೇ ಜಾಡು ಹೇಳಬೇಕು ಎನ್ನುವಲ್ಲಿಗೆ ಬಂದು ನಾನು ಬಹಳ ದಿನ ಮುಂದೆ ಹೋಗದೆ ನಿಂತಿದ್ದೆ.

ಅಲ್ಲಿಂದ ಮುಂದಕ್ಕೆ ದಾರಿ ತೋರಿಸಿದವರು ಅಕ್ಕ. 18ನೇ ಶತಮಾನದ ವೆನಿಸ್ ಚಿತ್ರಕಾರ ಕನಲೆಟ್ಟೊ ಬಗ್ಗೆ ಹೇಳಿದ್ದು ಅವರೇ. ಕನಲೆಟ್ಟೊ ಕತ್ತಲ ಪೆಟ್ಟಿಗೆಯ ನೆರವಿನಿಂದ, ಅಂದರೆ ಕ್ಯಾಮೆರಾ ಅಬ್ಸ್ಕ್ಯೂರಾ ಬಳಸಿ, ಕಾಲುವೆ ಬದಿಯ ಅರಮನೆಗಳನ್ನು ಎಷ್ಟು ನಿಖರವಾಗಿ ಬರೆದನೆಂದರೆ ಗೋಡೆಗೆ ಹತ್ತಿದ ಪಾಚಿಯ ಹಸಿರು ಗೆರೆಯನ್ನೂ ಬಿಡಲಿಲ್ಲ. ಉಬ್ಬರದ ನೀರು ದಿನನಿತ್ಯ ಮುಟ್ಟುವ ಎತ್ತರದವರೆಗೆ ಪಾಚಿ ಬೆಳೆಯುತ್ತದೆ. ಇಟಲಿಯ ವಿಜ್ಞಾನಿ ದಾರಿಯೊ ಕಮುಫೊ ಮತ್ತು ಅವರ ಸಹೋದ್ಯೋಗಿ, ಚಿತ್ರದ ಗೆರೆಯನ್ನು ಅದೇ ಗೋಡೆಯ ಇಂದಿನ ಗೆರೆಯ ಜೊತೆ ಹೋಲಿಸಿ, ನಗರ ಸುಮಾರು 60 ಸೆಂಟಿಮೀಟರಿನಷ್ಟು ನೀರಿಗಿಳಿದಿದೆ ಎಂದು ಲೆಕ್ಕ ಹಾಕಿದರು. ನೆಲ ಕುಸಿದದ್ದೂ ಕಡಲು ಏರಿದ್ದೂ ಆ ಲೆಕ್ಕದಲ್ಲಿ ಸೇರಿವೆ. ಬಣ್ಣದ ಕುಂಚ ಸಾಕ್ಷಿ ಹೇಳಬಲ್ಲದು ಎಂದು ನನಗೆ ಅರ್ಥವಾದದ್ದು ಅಂದು.

ಆಮೇಲೆ ಅಕ್ಕ ಮಾಡಿದ ಕೆಲಸವನ್ನು ಹೇಗೆ ವರ್ಣಿಸಲಿ! ನಮ್ಮ ಪುಸ್ತಕದ ಪ್ರತಿ ಪುಟದಲ್ಲೂ ಮೆಟ್ಟಿಲಿನ ಮೇಲೆ ನೀರು ಎಷ್ಟಿರಬೇಕೋ ಅಷ್ಟೇ ಇದೆ. ವೆನಿಸ್ಸಿನ ನೀರು ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಕಥೆಯ ಗಂಟೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು, ಪ್ರತಿ ದೃಶ್ಯಕ್ಕೂ ನೀರಿನ ಮಟ್ಟ ಗುರುತು ಹಾಕಿ, ಆಮೇಲೆ ಬಣ್ಣ ಹಚ್ಚಿದರು ಅವರು. ಒಬ್ಬ ಸಾಕ್ಷಿ ‘ಆಗ ನಾನು ಮೂರನೇ ಮೆಟ್ಟಿಲ ಮೇಲೆ ಕೂತಿದ್ದೆ’ ಎನ್ನುತ್ತದೆ. ಆ ಹೊತ್ತಿಗೆ ಮೂರನೇ ಮೆಟ್ಟಿಲು ನೀರಿನಡಿಯಲ್ಲಿತ್ತು. ಇದು ನನ್ನ ಬರವಣಿಗೆಯಲ್ಲಿ ಎಲ್ಲೂ ಇಲ್ಲ, ಬರೀ ಚಿತ್ರದಲ್ಲಿದೆ. ಆ ಸಾಕ್ಷಿ ಯಾರೆಂದು ಇಲ್ಲಿ ಬಿಟ್ಟುಕೊಡಲಾರೆ.

ಗೊಂಡೊಲಾದ ಆಕಾರದ ವಿಷಯದಲ್ಲೂ ಅಕ್ಕ ಒಂದು ಗೆರೆ ಬಿಟ್ಟುಕೊಡಲಿಲ್ಲ. ಸುಮಾರು 11 ಮೀಟರ್ ಉದ್ದದ ಆ ದೋಣಿಯ ಎಡಮಗ್ಗುಲು ಬಲಮಗ್ಗುಲಿಗಿಂತ ಅಗಲ. ಒಬ್ಬನೇ ಅಂಬಿಗ ಹಿಂದೆ ನಿಂತು ಬಲಗಡೆ ಮಾತ್ರ ಹುಟ್ಟು ಹಾಕಿದರೂ ದೋಣಿ ನೆಟ್ಟಗೆ ಹೋಗುವುದು ಈ ಓರೆಯಿಂದಲೇ. ಎರಡು ಮಗ್ಗುಲೂ ಸಮ ಇದ್ದರೆ ಮಕ್ಕಳ ಕಣ್ಣಿಗೆ ಹಿತ ಎಂದು ಯಾರೋ ಸಲಹೆ ಕೊಟ್ಟಾಗ ಅವರು ಒಪ್ಪಲಿಲ್ಲ. ಪಕ್ಷಿವೀಕ್ಷಕರಾದ ಒಬ್ಬ ಹಿರಿಯರು ಕಣಜ ಗೂಬೆಯ ಕಿವಿಗಳು ಒಂದೇ ಎತ್ತರದಲ್ಲಿರುವುದಿಲ್ಲ, ಒಂದು ಮೇಲೆ ಒಂದು ಕೆಳಗೆ, ಆದ್ದರಿಂದಲೇ ಅದು ಕಗ್ಗತ್ತಲಲ್ಲೂ ಸದ್ದಿನ ಜಾಗವನ್ನು ಕರಾರುವಾಕ್ಕಾಗಿ ಹಿಡಿಯುತ್ತದೆ ಎಂದು ಹೇಳಿಕೊಟ್ಟಿದ್ದರು. ಓರೆ ಕಿವಿಯ ಗುಮ್ಮಜ್ಜ ಓರೆ ದೋಣಿಯನ್ನು ನೋಡಿ ‘ಇದು ನನ್ನ ಜಾತಿಯದೇ’ ಎನ್ನುವ ಪುಟ ಹುಟ್ಟಿದ್ದು ಹೀಗೆ. ಸರ್, ನಿಮಗೆ ನಮಸ್ಕಾರ. ಗುಮ್ಮಜ್ಜನಿಗೆ ನಿಮ್ಮದೇ ಗತ್ತು ಇದೆ ಎಂದು ಮನೆಯವರೆಲ್ಲ ಹೇಳುತ್ತಿದ್ದಾರೆ.

ಪಾದುವಾದಲ್ಲಿ ಓದುತ್ತಿರುವ ಚಿಕ್ಕಮ್ಮನ ಮಗಳಿಗೆ ಎಷ್ಟು ಹೇಳಿದರೂ ಸಾಲದು. ಪರೀಕ್ಷೆಗಳ ನಡುವೆ ರೈಲು ಹತ್ತಿ ವೆನಿಸ್ಸಿಗೆ ಹೋಗಿ, ಒಂದೇ ಗೋಡೆಯನ್ನು ಒಂದೇ ಜಾಗದಿಂದ, ನೀರು ಇಳಿದಾಗ ಒಮ್ಮೆ, ಏರಿದಾಗ ಒಮ್ಮೆ ಫೋಟೊ ತೆಗೆದು ಕಳಿಸಿದಳು. ಅಲ್ಲಿ ಮನೆ ನಂಬರು ಬೀದಿಗೆ ಸೇರಿದ್ದಲ್ಲ, ಆರು ಪೇಟೆಗಳಿಗೆ ಸೇರಿದ್ದು, ಒಂದೊಂದು ಪೇಟೆಯಲ್ಲಿ ಸಾವಿರಗಟ್ಟಲೆ ನಂಬರು ಎಂದು ಬರೆದವಳೂ ಅವಳೇ. ಚುರುಕಿ ವಿಳಾಸ ಹುಡುಕಿ ಸುಸ್ತಾಗುವ ಎರಡು ಪುಟ ಅವಳ ಕೊಡುಗೆ. ಪುಟ್ಟಿ, ನನ್ನ ಪ್ರೀತಿ ನಿನಗೆ.

ಇನ್ನು ಕಷ್ಟದ ಮಾತು. ಪುಸ್ತಕ ತರುತ್ತೇವೆಂದು ಒಪ್ಪಿದ್ದ ಪ್ರಕಾಶನದವರು ಕೊನೆಗೆ ಬಣ್ಣದ ಖರ್ಚು ಕಂಡು, ಕಪ್ಪುಬಿಳುಪಿನಲ್ಲಿ ಮಾಡೋಣ ಎಂದರು. ಅವರ ಲೆಕ್ಕ ಅವರದು. ಆದರೆ ಬಣ್ಣ ಹೋದರೆ ಪಾಚಿಯ ಹಸಿರು ಹೋಗುತ್ತದೆ, ಹಸಿರು ಹೋದರೆ ಸುಳಿವೇ ಹೋಗುತ್ತದೆ. ನಾವು ಹಸ್ತಪ್ರತಿ ವಾಪಸು ತಂದೆವು. ಆ ತಿಂಗಳುಗಳು ಭಾರವಾಗಿದ್ದವು. ಅಕ್ಕನ ವರ್ಷಗಟ್ಟಲೆಯ ದುಡಿಮೆ ಕಪಾಟಿನಲ್ಲೇ ಉಳಿಯುತ್ತದೇನೋ ಎಂಬ ಯೋಚನೆಯಲ್ಲಿ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಆಗ ಪುಸ್ತಕದ ಒಂದು ಪುಟವನ್ನೂ ನೋಡದೆ ಮುಂಗಡ ಹಣ ಕಳಿಸಿದವರು ನೀವು. ಕೆಲವರು ತಮಗೊಂದು, ಊರಿನ ಶಾಲೆಗೊಂದು ಎಂದು ಕೊಂಡಿರಿ. ನಿಮ್ಮ ಹಣದಿಂದಲೇ ನಾಲ್ಕು ಬಣ್ಣದ ಮುದ್ರಣ ಸಾಧ್ಯವಾಯಿತು. ಮುದ್ರಣಾಲಯದ ಹುಡುಗರು ಹಸಿರು ನೀಲಿಗೆ ತಿರುಗುತ್ತಿದೆ ಎಂದು ತಾವೇ ಕಂಡುಕೊಂಡು, ಯಂತ್ರ ನಿಲ್ಲಿಸಿ, ಅಕ್ಕನಿಗೆ ಫೋನ್ ಮಾಡಿ ಕರೆಸಿಕೊಂಡರು. ಅವರಿಗೆ ಅದು ಬರೀ ಕೆಲಸವಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ.

ಕರಡು ತಿದ್ದಿದ ಮೇಷ್ಟ್ರಿಗೂ ವಂದನೆ. ನಾನು ಬರೆದ ವಾಕ್ಯಗಳಲ್ಲಿ ಚಿತ್ರ ಆಗಲೇ ಹೇಳಿದ್ದನ್ನೆಲ್ಲ ಅವರು ಹೊಡೆದುಹಾಕಿದರು.

ಅಚ್ಚಿಗೆ ಮುಂಚೆ ಕಥೆ ಕೇಳಿದ ಮಕ್ಕಳನ್ನು ಹೇಗೆ ಮರೆಯಲಿ? ನೀರು ಬಂದಾಗ ಬೆಕ್ಕುಗಳು ಎಲ್ಲಿ ಮಲಗುತ್ತವೆ ಎಂದು ಒಬ್ಬಳು ಕೇಳಿದಳು. ಆ ಪ್ರಶ್ನೆಗಾಗಿಯೇ ಸೈರನ್ನಿನ ಪುಟ ಬಂತು. ನಮ್ಮ ಕಥೆ ನಡೆಯುವುದು ವೆನಿಸ್ಸಿನ ಕಡಲ ಬಾಯಿಗಳಿಗೆ ಉಬ್ಬರ ತಡೆಯಲು ಹಾಕಿದ 78 ಕದಗಳ ತಡೆ 2020ರ ಅಕ್ಟೋಬರಿನಲ್ಲಿ ಕೆಲಸ ಶುರುಮಾಡುವ ಮುಂಚೆ. ನೀರು 110 ಸೆಂಟಿಮೀಟರಿಗೆ ಏರುವಂತಿದ್ದರೆ ಸೈರನ್ ಒಂದು ಸ್ವರದಲ್ಲಿ ಕೂಗುತ್ತದೆ, 120ಕ್ಕೆ ಎರಡು, 130ಕ್ಕೆ ಮೂರು, 140 ಮತ್ತು ಅದಕ್ಕೂ ಮೇಲಾದರೆ ನಾಲ್ಕು. ಗುಮ್ಮಜ್ಜ ಸ್ವರ ಎಣಿಸುತ್ತಾನೆ, ಬೆಕ್ಕುಗಳು ಅದರಂತೆ ಮೇಲಿನ ಕಿಟಕಿಗೆ ಹತ್ತುತ್ತವೆ. ಇನ್ನೊಬ್ಬ ಹುಡುಗನಿಗೆ ಆಗ ಒತ್ತಕ್ಷರ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಸರಾಗವಾಗಿ ಓದುವ ಅವನ ಅಕ್ಕನಿಗಿಂತ, ಜೊತೆಗೆ ಕೂತಿದ್ದ ದೊಡ್ಡವರಿಗಿಂತ ಮೊದಲು ಮೆಟ್ಟಿಲ ಮೇಲೆ ಬೆರಳಿಟ್ಟು ‘ಇದು ಸುಳ್ಳು ಹೇಳ್ತಿದೆ’ ಎಂದವನು ಅವನೇ. ಚಿತ್ರ ಬರೆದ ಅಕ್ಕ ಆಗ ಕಣ್ಣೊರೆಸಿಕೊಂಡರು. ಅವರಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಯಾರೂ ಕೊಟ್ಟಿರಲಾರರು.

ಎರಡನೇ ಮುದ್ರಣದ ಮುಖಪುಟದಲ್ಲಿ ಎರಡು ಹೆಸರೂ ಒಂದೇ ಸಾಲಿನಲ್ಲಿ, ಒಂದೇ ಗಾತ್ರದಲ್ಲಿ ಇರುತ್ತವೆ. ಮುಂದೆ ಏನು ಎಂದು ಕೇಳುತ್ತಿದ್ದೀರಿ. ವೆನಿಸ್ಸಿನ ಸಂತ ಮಾರ್ಕನ ಇಗರ್ಜಿಯ ನಾಲ್ಕು ಕಂಚಿನ ಕುದುರೆಗಳ ಕಥೆ ಮನಸ್ಸಿನಲ್ಲಿದೆ. 1797ರಲ್ಲಿ ನೆಪೋಲಿಯನ್ನನ ಕಡೆಯವರು ಅವನ್ನು ಪ್ಯಾರಿಸ್ಸಿಗೆ ಸಾಗಿಸಿದರು, 1815ರಲ್ಲಿ ಅವು ವಾಪಸು ಬಂದವು. ಈಗ ಅಸಲಿ ಕುದುರೆಗಳು ಒಳಗಿವೆ, ಹೊರಗೆ ನಿಂತಿರುವುದು ಪ್ರತಿಕೃತಿ. ಯಾವುದು ಅಸಲಿ ಎಂದು ಕಂಡುಹಿಡಿಯುವ ಕೆಲಸ ಚುರುಕಿಗೆ ಬೀಳಲಿದೆ. ಚಿತ್ರ ಬರೆಯಲು ಅಕ್ಕ ಒಪ್ಪಿದ್ದಾರೆ. ಈ ಸಲ ಅವರು ಮೊದಲು ಚಿತ್ರ ಬರೆಯುತ್ತಾರೆ, ನಾನು ಆಮೇಲೆ ಬರೆಯುತ್ತೇನೆ.